ಸಮುರಾಯ್‌ಗೂ ಸಂಬಳ ಬೇಕು

“ಯಾರ ಹಂಗೂ ಇಲ್ಲದ ಬದುಕೆಂದರೆ ಇದು, ರಾಯರೇ. ನಮ್ಮ ಕಚೇರಿಯ ತರಬೇತಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಹೇಳಿಕೊಟ್ಟರು,” ಎಂದು ನಾಣಿ ತನ್ನ ಫೋನಿನಲ್ಲಿದ್ದ ಒಂಟಿ ಸಮುರಾಯ್‌ನ, ಅಂದರೆ ಜಪಾನಿನ ಹಳೆಯ ಕಾಲದ ಕತ್ತಿಯ ಯೋಧನ, ಚಿತ್ರವನ್ನು ತೋರಿಸಿದ.

“ಅವನಿಗಿಲ್ಲದ್ದು ಹಂಗಲ್ಲವೋ, ಸಂಬಳ,” ಎಂದರು ರಾಯರು. “ಮಸಾಕಿ ಕೊಬಾಯಾಶಿ 1962ರಲ್ಲಿ ತೆಗೆದ ‘ಹರಕಿರಿ’ ಸಿನಿಮಾ ನೋಡು. ಮರ್ಯಾದೆಗಾಗಿ ಹೊಟ್ಟೆ ಸೀಳಿಕೊಂಡು ಸಾಯುವುದಕ್ಕೆ ಆ ಹೆಸರು. ಅಪ್ಪಣೆಯಿಲ್ಲದೆ ಕೋಟೆಯನ್ನು ದುರಸ್ತಿ ಮಾಡಿಸಿದನೆಂದು ಹಿರೋಶಿಮಾದ ಫುಕುಶಿಮಾ ಧಣಿಯ ಸಂಸ್ಥಾನವನ್ನು 1619ರಲ್ಲಿ ಶೋಗುನ್, ಅಂದರೆ ದೇಶವಾಳುತ್ತಿದ್ದ ಸೇನಾಧಿಪತಿ, ಕಿತ್ತುಕೊಂಡ. ಗೋಡೆಗೆ ಗಾರೆ ಮೆತ್ತಿಸಿದ್ದು ಧಣಿ, ಕೆಲಸ ಕಳೆದುಕೊಂಡದ್ದು ಅವನ ಚಾಕರಿಯಲ್ಲಿದ್ದ ನಮ್ಮ ಕಥಾನಾಯಕ ಹನ್ಶಿರೊ. ಆಮೇಲೆ ಅವನು ಎಡೊ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಕೊಡೆ, ಬೀಸಣಿಗೆ ಮಾಡಿ ಹೊಟ್ಟೆ ಹೊರೆದ. ನಿಮ್ಮ ತರಬೇತಿಯಲ್ಲಿ ಕೊಡೆಯ ಪ್ರಸ್ತಾಪ ಬಂತೇ?”

“ಇಲ್ಲ, ಮರ್ಯಾದೆಗಾಗಿ ಪ್ರಾಣ ಕೊಡುವುದು ಬಂತು.”

“ಸಂಬಳ ಹೆಚ್ಚಿಸದವರು ಅದನ್ನೇ ಮೊದಲು ಹೇಳಿಕೊಡುತ್ತಾರೆ.”

“ಹೊಡೆದಾಟ ಇದೆಯೇ?” ಎಂದು ಸುಬ್ಬು ಕೇಳಿದ.

“ಇದೆ, ಆದರೆ ಅದಕ್ಕೆ ಮೊದಲು ಹನ್ಶಿರೊ ಅಂಗಳದಲ್ಲಿ ಕುಳಿತು ಬಹಳ ಹೊತ್ತು ಮಾತನಾಡುತ್ತಾನೆ, ನಮ್ಮ ಹಾಗೆಯೇ. ಕೆಲಸವಿಲ್ಲದವರು ದೊಡ್ಡ ಮನೆತನಗಳ ಬಾಗಿಲಿಗೆ ಹೋಗಿ, ‘ನಿಮ್ಮ ಅಂಗಳದಲ್ಲಿ ಹೊಟ್ಟೆ ಸೀಳಿಕೊಳ್ಳುತ್ತೇನೆ’ ಎಂದರೆ ಮನೆಯವರು ನಾಲ್ಕು ಕಾಸು ಕೊಟ್ಟು ಸಾಗಹಾಕುವುದುಂಟಂತೆ. ಅವನ ಅಳಿಯ ಮೊತೊಮೆ ಹಾಗೆ ಹೋದಾಗ, ಮಿಕ್ಕವರು ಬುದ್ಧಿ ಕಲಿಯಲೆಂದು ಇಯಿ ಮನೆತನದವರು ‘ಆಗಲಿ, ಸೀಳಿಕೊ’ ಎಂದುಬಿಟ್ಟರು. ಮಗು ಕಾಯಿಲೆಯಲ್ಲಿದ್ದುದರಿಂದ ಒಂದೆರಡು ದಿನದ ಬಿಡುವು ಕೇಳಿದ.”

“ರಜೆ ಕೊಡಲಿಲ್ಲವೇ?” ಎಂದ ನಾಣಿ, ತುಸು ಮೆತ್ತಗೆ.

“ಯಾರು ಕೊಡುತ್ತಾರೆ? ಕತ್ತಿಯನ್ನು ಆಗಲೇ ಮಾರಿಕೊಂಡು ಒರೆಯಲ್ಲಿ ಬಿದಿರಿನದನ್ನು ಇಟ್ಟುಕೊಂಡಿದ್ದ. ಆ ಬಿದಿರಿನಿಂದಲೇ ಸೀಳಿಕೊಳ್ಳುವಂತೆ ಮಾಡಿದರು. ತನ್ನ ಸೊಂಟದ ಕತ್ತಿಯನ್ನೂ ಮಾರಬಹುದಿತ್ತೆಂಬುದು ಮಾವನಿಗೆ ಹೊಳೆದದ್ದು ಹೆಣ ಮನೆಗೆ ಬಂದ ಮೇಲೆ. ಕೊನೆಗೆ ಅವನು ಇಯಿಯವರ ಆಳುಗಳನ್ನು ಕಡಿದುಹಾಕಿದಾಗ, ಅವರೆಲ್ಲ ಕಾಯಿಲೆಯಿಂದ ಸತ್ತರೆಂದು ಆ ಮನೆಯವರು ಸಾರಿದರು.”

ನಾಣಿ ಫೋನನ್ನು ಜೇಬಿಗಿಳಿಸಿದ. “ನನ್ನ ಪಕ್ಕದ ಮೇಜಿನವನನ್ನು ತೆಗೆದುಹಾಕಿದಾಗಲೂ ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ’ ಎಂದು ಬರೆಸಿಕೊಂಡರು. ಅವನು ಮನೆಯಲ್ಲಿ ಇನ್ನೂ ಹೇಳಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಡುತ್ತಾನೆ.”

“ಲ್ಯಾಪ್‌ಟಾಪನ್ನು ಕಚೇರಿಯವರು ಬಿಟ್ಟುಕೊಟ್ಟರೇ?”

“ಅಂದೇ ಕಸಿದುಕೊಂಡರು. ಚೀಲದಲ್ಲಿರುವುದು ಊಟದ ಡಬ್ಬಿ.”

“ಬಿದಿರಿನದೇ ಅನ್ನು,” ಎಂದರು ರಾಯರು.

“ಅವನ ನಂಬರು ಕೊಡು,” ಎಂದ ಸುಬ್ಬು. “ನಮ್ಮ ಭಾವನ ಅಂಗಡಿಗೆ ಲೆಕ್ಕ ಬರೆಯುವವರು ಬೇಕಂತೆ.”