‘ಆಕರಗಳ ಮೌಲ್ಯಮಾಪನ’ ಅನ್ನುವುದಕ್ಕೆ ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಎಂ.ಎ. ಮೊದಲ ವರ್ಷದವರಿಗಾಗಿ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಮಾಹಿತಿ ಹುಡುಕುವುದು ಹೇಗೆ, ಸಿಕ್ಕಿದ್ದನ್ನು ನಂಬಬಹುದಾ ಅಂತ ತಿಳಿಯುವುದು ಹೇಗೆ, ಇದು ವಿಷಯ. ಇಡೀ ಕೋರ್ಸಿಗೆ ‘ಮಾಹಿತಿ ಸಾಕ್ಷರತೆ’ ಎಂಬ ಹೆಸರು ಆಗಲೇ ಚಾಲ್ತಿಯಲ್ಲಿದೆ, ಅದರ ತಂಟೆಗೆ ಹೋಗುವುದಿಲ್ಲ. ನನ್ನ ತಕರಾರು ಎರಡನೇ ಘಟಕದ ಹೆಸರಿನ ಬಗ್ಗೆ: ‘ಆಕರಗಳ ಮೌಲ್ಯಮಾಪನ’.

‘ಆಕರ’ ಪರವಾಗಿಲ್ಲ. ‘ಮೂಲ’ ಅಂದರೆ ಪತ್ರಿಕೆಗಳ ‘ಬಲ್ಲ ಮೂಲಗಳು’ ನೆನಪಾಗುತ್ತವೆ, ಅವು ಹೆಸರು ಹೇಳುವುದೇ ಇಲ್ಲ. ‘ಆಧಾರ’ ಅಂದರೆ ಈಗ ಕಾರ್ಡು. ‘ಪರಾಮರ್ಶನ’ವನ್ನು ಲೈಬ್ರರಿಯಲ್ಲಿ ನಿಘಂಟು, ವಿಶ್ವಕೋಶಗಳ ಕಪಾಟಿಗೂ ಬಳಸುತ್ತೇವೆ, ಪ್ರಬಂಧದ ಕೊನೆಯ ಪಟ್ಟಿಗೂ ಬಳಸುತ್ತೇವೆ. ಹಾಗಾಗಿ ಆಕರವೇ ಇರಲಿ.

ತೊಂದರೆ ಇರುವುದು ಮೌಲ್ಯಮಾಪನದಲ್ಲಿ. ಕರ್ನಾಟಕದಲ್ಲಿ ಓದಿದ ಯಾರಿಗೇ ಆಗಲಿ ಈ ಪದ ಕೇಳಿದ ಕೂಡಲೇ ಉತ್ತರ ಪತ್ರಿಕೆ ಕಣ್ಣ ಮುಂದೆ ಬರುತ್ತದೆ: ಮೌಲ್ಯಮಾಪನ ಕೇಂದ್ರ, ಮೌಲ್ಯಮಾಪನ ಬಹಿಷ್ಕಾರ, ಮರುಮೌಲ್ಯಮಾಪನಕ್ಕೆ ಅರ್ಜಿ. ಅಂದರೆ ಮುಂದಿರುವ ಹಾಳೆಯನ್ನಷ್ಟೇ ನೋಡು, ಅಂಕ ಹಾಕು, ಕೂಡಿಸು. ಕಲಿಸುವ ರೀತಿಯೂ ಬಹಳ ಕಾಲ ಹೀಗೇ ಇತ್ತು ಅನ್ನಿ. ಕ್ಯಾಲಿಫೋರ್ನಿಯಾದ ಚಿಕೋ ಊರಿನ ವಿಶ್ವವಿದ್ಯಾಲಯದ ಲೈಬ್ರರಿಯಿಂದ 2004ರಲ್ಲಿ ‘ಕ್ರ್ಯಾಪ್’ ಎಂಬ ಪಟ್ಟಿ ಬಂತು, ಎಷ್ಟೋ ಕಡೆ ಅದನ್ನೇ ಪಾಠ ಮಾಡಿದರು. ಬರಹ ಎಷ್ಟು ಹೊಸದು, ನನ್ನ ವಿಷಯಕ್ಕೆ ಸಂಬಂಧ ಇದೆಯಾ, ಬರೆದವರು ಯಾರು, ಹೇಳಿದ್ದು ಸರಿಯಾ, ಯಾಕೆ ಬರೆದರು. ಐದು ಪ್ರಶ್ನೆಗಳೂ ಒಳ್ಳೆಯವೇ. ಆದರೆ ಉತ್ತರವನ್ನು ಅದೇ ಪುಟದೊಳಗೆ ಹುಡುಕಿದರೆ ಮೋಸದ ಪುಟವೂ ಫಸ್ಟ್ ಕ್ಲಾಸಲ್ಲಿ ಪಾಸಾಗುತ್ತದೆ. ‘ನಮ್ಮ ಬಗ್ಗೆ’ ಅಂತ ಅಲ್ಲಿ ಬರೆದುಕೊಳ್ಳುವವರು ಅವರೇ ಅಲ್ವಾ.

ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಹೊರತಂದರು. 10 ಇತಿಹಾಸಕಾರರು, ಸುದ್ದಿ ನಿಜವೇ ಅಂತ ಪರೀಕ್ಷಿಸುವ 10 ಫ್ಯಾಕ್ಟ್ ಚೆಕರ್‌ಗಳು, 25 ಪದವಿ ವಿದ್ಯಾರ್ಥಿಗಳು, ಎಲ್ಲರಿಗೂ ಒಂದೇ ಕೆಲಸ. ಅಮೆರಿಕದ ಮಕ್ಕಳ ವೈದ್ಯರ ಎರಡು ಸಂಘಗಳ ವೆಬ್‌ಸೈಟ್ ತೋರಿಸಿ ಯಾವುದನ್ನು ನಂಬುತ್ತೀರಿ ಅಂತ ಕೇಳಿದರು. ಒಂದು 1930ರಿಂದ ಇರುವ ದೊಡ್ಡ ಸಂಘ. ಇನ್ನೊಂದು, ಸಲಿಂಗಿ ಜೋಡಿಗಳು ಮಕ್ಕಳನ್ನು ದತ್ತು ಪಡೆಯುವ ವಿಷಯದಲ್ಲಿ ಜಗಳವಾಗಿ 2002ರಲ್ಲಿ ಅದರಿಂದ ಒಡೆದುಹೋದ ಸಣ್ಣ ಗುಂಪು. ಹೆಸರುಗಳು ಹೆಚ್ಚೂಕಡಿಮೆ ಒಂದೇ ಥರ. ವಿದ್ಯಾರ್ಥಿಗಳು ಪುಟದ ಅಂದಚಂದ, ಕೆಳಗಿನ ಉಲ್ಲೇಖಗಳನ್ನು ನೋಡುತ್ತಾ ಕೂತರು, ಅರ್ಧಕ್ಕಿಂತ ಜಾಸ್ತಿ ಜನ ಸಣ್ಣ ಗುಂಪನ್ನೇ ಆರಿಸಿದರು. ಓದುವುದೇ ಕಸುಬಾದ ಇತಿಹಾಸಕಾರರಲ್ಲೂ ಕೆಲವರು ಎಡವಿದರು. ಫ್ಯಾಕ್ಟ್ ಚೆಕರ್‌ಗಳು ಪುಟವನ್ನು ಓದುವ ಗೋಜಿಗೇ ಹೋಗದೆ ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದು, ಇವರ ಬಗ್ಗೆ ಉಳಿದವರು ಏನಂತಾರೆ ಅಂತ ನೋಡಿದರು. ಇದಕ್ಕೆ ಅಧ್ಯಯನ ಮಾಡಿದವರು ಇಟ್ಟ ಹೆಸರು ಲ್ಯಾಟರಲ್ ರೀಡಿಂಗ್. ‘ಅಡ್ಡ ಓದು’ ಅಂದರೆ ನಮ್ಮಲ್ಲಿ ಅಡ್ಡಾಗಿ ಓದುವುದು ಅಂತ ಆಗಿಬಿಡುತ್ತದೆ!

ಆದರೆ ಈ ಕೆಲಸಕ್ಕೆ ಕನ್ನಡದಲ್ಲಿ ಕ್ರಿಯಾಪದ ಮೊದಲಿಂದಲೂ ಇದೆ: ವಿಚಾರಿಸು. ಮದುವೆ ಮಾತು ಬಂದರೆ ‘ಹುಡುಗನ ಬಗ್ಗೆ ವಿಚಾರಿಸಿದ್ರಾ?’ ಅಂತಾರೆ. ಯಾರೂ ಹುಡುಗನನ್ನೇ ವಿಚಾರಿಸುವುದಿಲ್ಲ. ಅವನ ಊರಲ್ಲಿ, ಕೆಲಸದ ಕಡೆ, ನೆಂಟರ ನೆಂಟರಲ್ಲಿ ಕೇಳುತ್ತಾರೆ.

ಪಾಠದಲ್ಲಿ ಕೊಡುವ ಉದಾಹರಣೆ ‘ಕನ್ನಡದ ಮೊದಲ ಶಾಸನ’. ಹುಡುಕಿದರೆ ಕೆಲವು ಪುಟ ಹಲ್ಮಿಡಿ, ಸುಮಾರು 450 ಅನ್ನುತ್ತವೆ. ಕೆಲವು ತಾಳಗುಂದದ ಸಿಂಹಕಟಾಂಜನ ಶಾಸನ, 370 ಅನ್ನುತ್ತವೆ. ಎರಡು ಪುಟವನ್ನೂ ಹತ್ತು ಸಲ ಓದಿದರೂ ತೀರ್ಮಾನ ಆಗುವುದಿಲ್ಲ. ಹಲ್ಮಿಡಿ ಕಲ್ಲಿನಲ್ಲಿ ವರ್ಷ ಕೆತ್ತಿಲ್ಲ, ಲಿಪಿ ಮತ್ತು ಅದರಲ್ಲಿ ಬರುವ ಅರಸನ ಹೆಸರಿನ ಮೇಲೆ ಕಾಲ ಹೇಳಿದ್ದಾರೆ. ಹಾಗಾದರೆ ತಾಳಗುಂದದ 370 ಎಲ್ಲಿಂದ ಬಂತು, ಓದಿದವರು ಯಾರು, ಉಳಿದ ಶಾಸನತಜ್ಞರು ಒಪ್ಪಿದರಾ? ಇದನ್ನೆಲ್ಲ ಪುಟದ ಹೊರಗೇ ಕೇಳಬೇಕು.

ಕ್ರಿಯಾಪದ ಸರಿ, ನಾಮಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಪಠ್ಯಕ್ರಮದಲ್ಲಿ ‘ಆಕರಗಳ ವಿಚಾರಣೆ’ ಅಂತ ಬರೆದರೆ ಕೋರ್ಟು, ಪೊಲೀಸು ಬಂದುಬಿಡುತ್ತಾರೆ. ‘ಪರಿಶೀಲನೆ’ ಅಂದರೆ ಕಚೇರಿಗಳಲ್ಲಿ ಫೈಲು ಅಲ್ಲಾಡುತ್ತಿಲ್ಲ ಅಂತಲೇ ಅರ್ಥ. ‘ಒರೆಗೆ ಹಚ್ಚುವುದು’ ಕೇಳಲು ಚೆಂದ, ಆದರೆ ಅಲ್ಲೂ ನೋಡುವುದು ಕೈಯಲ್ಲಿರುವ ಚಿನ್ನವನ್ನಷ್ಟೇ. ಹುಬ್ಬಳ್ಳಿ-ಧಾರವಾಡದ ಕಡೆ ವಿಚಾರಿಸುವುದಕ್ಕೆ ‘ಚೌಕಶಿ’ ಅನ್ನುತ್ತಾರೆ, ನನಗೇನೋ ಬಹಳ ಇಷ್ಟ, ಆದರೆ ಮೈಸೂರಿನ ಹುಡುಗರು ಬೆಲೆ ಇಳಿಸುವ ಚೌಕಾಸಿ ಅಂದುಕೊಳ್ಳುತ್ತಾರೆ.

ಸದ್ಯಕ್ಕೆ ‘ಆಕರಗಳನ್ನು ವಿಚಾರಿಸಿಕೊಳ್ಳುವುದು’ ಅಂತ ಬರೆದಿದ್ದೇನೆ. ಪಠ್ಯಕ್ರಮದ ಸಮಿತಿಯವರು ಇದು ತೀರಾ ಆಡುಮಾತು ಅಂತ ಹೊಡೆದುಹಾಕಬಹುದು. ಧಾರವಾಡದ ಕಡೆಯವರು ಹೇಳಿ, ‘ಚೌಕಶಿ’ ಬರವಣಿಗೆಯಲ್ಲಿ ಈಗಲೂ ನಡೆಯುತ್ತದಾ? ಕರಾವಳಿಯಲ್ಲಿ ಇದಕ್ಕೆ ಬೇರೆ ಮಾತಿದೆಯಾ? ‘ವಿಚಾರಣೆ’ ಪದ ಕೋರ್ಟಿನ ಅರ್ಥ ಬಿಟ್ಟು ಬಂದಿರುವ ಹಳೆಯ ಪ್ರಯೋಗ ಯಾರ ಕಣ್ಣಿಗಾದರೂ ಬಿದ್ದಿದ್ದರೆ ವಾಕ್ಯ ಸಮೇತ ಕಳಿಸಿ, ಸಮಿತಿಯ ಮುಂದೆ ಇಡಲು ಬೇಕು.