ಜ್ವರವೇ ಇಲ್ಲದ ಕೂಸಿಗೆ ಆ್ಯಂಟಿಬಯೋಟಿಕ್ ಯಾಕೆ?

ಪ್ರಶ್ನೆ (ಪುಣೆಯ ಹಡಪ್ಸರ್‌ನಿಂದ ಒಬ್ಬ ತಂದೆ): ನಮಸ್ಕಾರ ಮೇಡಂ. ನಮ್ಮ ಮಗುವಿಗೆ 6 ದಿನ. ನಿನ್ನೆ ಹಾಲು ಬಿಟ್ಟಿತು, ಎಬ್ಬಿಸಿದರೂ ಏಳಲಿಲ್ಲ, ಮೈ ತಣ್ಣಗಿತ್ತು. ಸೆಪ್ಸಿಸ್ (ರಕ್ತಕ್ಕೆ ಹರಡಿದ ಸೋಂಕು) ಇರಬಹುದು ಅಂತ ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕ) ಸೇರಿಸಿಕೊಂಡಿದ್ದಾರೆ. ರಕ್ತ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ ಹೋಗಿದೆ. ರಿಪೋರ್ಟ್ ಬರುವ ಮೊದಲೇ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗಿದೆ. ವಿಜಯಪುರದಿಂದ ಬಂದಿರುವ ನಮ್ಮ ಅತ್ತೆ, ಜ್ವರ ಇಲ್ಲದ ಕೂಸಿಗೆ ಇಷ್ಟು ಸೂಜಿ ಯಾಕೆ ಅಂತ ಅಳುತ್ತಿದ್ದಾರೆ. ಇದು ಸರಿನಾ?

ಉತ್ತರ (ಮಕ್ಕಳ ವೈದ್ಯೆ): ಸರಿ ಇದೆ. ನಾನೂ ಕಾಯುತ್ತಿರಲಿಲ್ಲ. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದಾಗ ಎಷ್ಟೋ ಹಸುಗೂಸುಗಳಿಗೆ ಜ್ವರ ಬರುವುದೇ ಇಲ್ಲ, ಮೈ ತಣ್ಣಗಾಗುತ್ತದೆ. ಹಾಲು ಬಿಡುವುದು, ಮಂಕಾಗುವುದು, ನಿಮಿಷಕ್ಕೆ 60 ಅಥವಾ ಜಾಸ್ತಿ ಉಸಿರು, ಉಸಿರೆಳೆದಾಗ ಎದೆ ಗುಳಿ ಬೀಳುವುದು, ಫಿಟ್ಸ್. ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಬೇಕು. ನೀವು ತಡ ಮಾಡದೆ ಹೋದಿರಿ, ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ.

ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಸಮಯ ಬೇಕು. ಹೆಚ್ಚಿನವು 48 ಗಂಟೆಯೊಳಗೆ ಗೊತ್ತಾಗುತ್ತವೆ. ಅಷ್ಟು ಹೊತ್ತು ಸುಮ್ನೆ ಕೂತರೆ ಕೂಸು ಕೈಮೀರಬಹುದು. ಅದಕ್ಕೇ ಮೊದಲು ರಕ್ತ ತೆಗೆದು, ಕೂಡಲೇ ಔಷಧಿ ಕೊಡುತ್ತಾರೆ. ಈ ಕ್ರಮ ತಪ್ಪಬಾರದು. ಔಷಧಿ ಒಳಗೆ ಹೋದ ಮೇಲೆ ರಕ್ತ ತೆಗೆದರೆ ಏನೂ ಬೆಳೆಯದೇ ಇರಬಹುದು. ಸುಮಾರು 1 ಎಂಎಲ್ ರಕ್ತ ಬೇಕು. "ಇಷ್ಟು ಚಿಕ್ಕ ಜೀವದಿಂದ ಅಷ್ಟು ರಕ್ತವಾ" ಅಂತ ತಡೆಯಬೇಡಿ. ಕಡಿಮೆ ತೆಗೆದರೆ ಸೋಂಕಿದ್ದರೂ ತಪ್ಪಿಹೋಗಬಹುದು.

ತಂದೆ: ರಿಪೋರ್ಟ್ ನೆಗೆಟಿವ್ ಬಂದರೆ ಔಷಧಿ ವ್ಯರ್ಥ ಅಲ್ವಾ ಮೇಡಂ?

ವೈದ್ಯೆ: ಇಲ್ಲ, ಆ ಎರಡು ದಿನ ಕೂಸಿಗೆ ರಕ್ಷಣೆ ಇತ್ತಲ್ಲ. ಆದರೆ ನೆಗೆಟಿವ್ ಬಂದು, ಕೂಸು ಚುರುಕಾಗಿ ಹಾಲು ಕುಡಿಯುತ್ತಿದ್ದರೆ, "ಈಗ ನಿಲ್ಲಿಸಬಹುದಾ?" ಅಂತ ಡಾಕ್ಟರನ್ನು ನೀವೇ ಕೇಳಿ. ಸಂಕೋಚ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ನಮ್ಮ ದೇಶದ ಎನ್‌ಐಸಿಯುಗಳಲ್ಲಿ ಕಾಣುವ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಈಗಾಗಲೇ ಎಷ್ಟೋ ಔಷಧಿಗಳಿಗೆ ಬಗ್ಗುತ್ತಿಲ್ಲ. ಬೇಡದೆ ಕೊಟ್ಟಷ್ಟೂ ಅವು ಗಟ್ಟಿಯಾಗುತ್ತವೆ.

ಪಾಸಿಟಿವ್ ಬಂದರೆ ಯಾವ ಔಷಧಿ ನಾಟುತ್ತದೆ ಅಂತ ಅದೇ ರಿಪೋರ್ಟ್ ಹೇಳುತ್ತದೆ. ಅದರಂತೆ ಔಷಧಿ ಬದಲಿಸಿದರೆ ಗಾಬರಿ ಬೇಡ. ಸಾಮಾನ್ಯವಾಗಿ 10ರಿಂದ 14 ದಿನ ಕೊಡುತ್ತಾರೆ. ಬೆನ್ನಿನ ನೀರಿನ ಪರೀಕ್ಷೆ ಕೇಳಿದರೆ ಒಪ್ಪಿಕೊಳ್ಳಿ. ಸೋಂಕು ಮಿದುಳಿನ ಪೊರೆಗೆ ತಲುಪಿದೆಯಾ ಅಂತ ಅದರಿಂದ ಗೊತ್ತಾಗುತ್ತದೆ. ತಲುಪಿದ್ದರೆ ಚಿಕಿತ್ಸೆ 21 ದಿನವಾದರೂ ಬೇಕಾಗಬಹುದು.

ತಂದೆ: ಖರ್ಚಿನದೂ ಚಿಂತೆ ಇದೆ. ತಾಯಿ ಈಗ ಏನು ಮಾಡಬೇಕು?

ವೈದ್ಯೆ: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆಯ ಹಸುಗೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಆದರೆ ಡಾಕ್ಟರನ್ನು ಕೇಳದೆ ಕೂಸನ್ನು ಈಗಿರುವ ಆಸ್ಪತ್ರೆಯಿಂದ ಕದಲಿಸಬೇಡಿ. ತಾಯಿ ಹಾಲು ಹಿಂಡಿ ಕೊಡಲಿ. ಮುಟ್ಟುವ ಮೊದಲು ಪ್ರತಿಸಲ ಕೈ ತೊಳೆಯಲಿ. ಮನೆಗೆ ಬಂದ ಮೇಲೆ ಹೊಕ್ಕುಳಿಗೆ ಎಣ್ಣೆ, ಬೂದಿ ಏನೂ ಬೇಡ. ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕಿವಿಗೆ ತೊಂದರೆ ಮಾಡಬಹುದು, ಅದನ್ನು ಕೊಟ್ಟಿದ್ದರೆ ಕಿವಿ ಪರೀಕ್ಷೆ ಮರೆಯಬೇಡಿ.