ಪದ ಬೇಕು, ಅರ್ಜೆಂಟ್: ಫೋನಿನ 'ಟ್ರ್ಯಾಕಿಂಗ್'ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಒಂದು ಆ್ಯಪ್‌ನ ಒಪ್ಪಿಗೆ ನೋಟೀಸನ್ನ ಕನ್ನಡಕ್ಕೆ ತರ್ತಾ ಇದೀನಿ, ನಾಳೆ ಬೆಳಿಗ್ಗೆ ಕೊಡ್ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ನೋಟೀಸನ್ನ ಇಂಗ್ಲಿಷಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಒಂದರಲ್ಲೋ ಓದೋ ಆಯ್ಕೆ ಜನಕ್ಕೆ ಇರ್ಬೇಕಲ್ಲ, ಹಾಗಾಗಿ ಈ ಕೆಲಸ ಬಂದಿದೆ.

ತೊಡಕಾಗಿರೋದು 'ಟ್ರ್ಯಾಕಿಂಗ್'. ನಾವೆಲ್ಲಿದೀವಿ ಅಂತ ನೋಡೋದಷ್ಟೇ ಅಲ್ಲ ಇದು. ಫೋನಿಗೊಂದು ಜಾಹೀರಾತು ಐಡಿ ಇರತ್ತೆ, ಆ್ಯಪ್ ಒಳಗೆ ಬೇರೆ ಕಂಪನಿಗಳ ಎಸ್‌ಡಿಕೆ ಅನ್ನೋ ಸಿದ್ಧ ಕೋಡ್ ಕಟ್ಟು ಕೂತಿರತ್ತೆ, ಒಂದು ಆ್ಯಪಲ್ಲಿ ಚಪ್ಪಲಿ ನೋಡಿದ್ದು, ಇನ್ನೊಂದರಲ್ಲಿ ಶುಗರ್ ಮಾತ್ರೆ ಹುಡುಕಿದ್ದು ಎಲ್ಲಾ ಆ ಒಂದು ಐಡಿ ಹೆಸರಲ್ಲಿ ಜಮಾ ಆಗ್ತಾ ಹೋಗತ್ತೆ. ಮೊದಲು ಮಾಡಿದವರು 'ದತ್ತಾಂಶ ಸಂಗ್ರಹಣೆ' ಅಂತ ಹಾಕಿದಾರೆ, ಅದನ್ನ ಓದಿದ್ರೆ ಜನಗಣತಿ ನೆನಪಾಗತ್ತೆ. 'ಹಿಂಬಾಲಿಸು' ಅಂದ್ರೆ ಇನ್‌ಸ್ಟಾಗ್ರಾಂ ಫಾಲೋ ಅನ್ಕೋತಾರೆ. ದಯವಿಟ್ಟು ಬೇಗ ತಿಳಿಸಿ.

---

> 'ಟ್ರ್ಯಾಕಿಂಗ್'

ಜಾಡು ಹಿಡಿಯುವುದು. ಇದಕ್ಕೆ ಚರ್ಚೆ ಬೇಕಿಲ್ಲ.

ಚರ್ಚೆ ಬೇಕಾಗಿರೋದು 'ದತ್ತಾಂಶ'ಕ್ಕೆ. ದತ್ತ ಅಂದ್ರೆ ಕೊಟ್ಟದ್ದು, ಲ್ಯಾಟಿನ್ನಿನ 'ಡೇಟಂ' ಅಂದ್ರೂ ಕೊಟ್ಟದ್ದೇ. ಇಲ್ಲಿ ಕೊಟ್ಟೋರು ಯಾರು? ಲೊಕೇಶನ್ ಹಿಸ್ಟರಿ ಆಫ್ ಮಾಡಿದ್ರೂ ಗೂಗಲ್ ಬೇರೆ ಸೆಟ್ಟಿಂಗ್ ದಾರೀಲಿ ಜಾಗ ದಾಖಲಿಸ್ತಿದೆ ಅಂತ ಅಸೋಸಿಯೇಟೆಡ್ ಪ್ರೆಸ್ 2018ರಲ್ಲಿ ಬರೀತು, 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಟ್ಟು ಗೂಗಲ್ ಅದನ್ನ ಇತ್ಯರ್ಥ ಮಾಡ್ಕೊಂಡಿತು. ಆಫ್ ಬಟನ್ ಒತ್ತಿದವರನ್ನ 'ಕೊಟ್ಟವರು' ಅನ್ನೋ ಪದ ನಮಗ್ಯಾಕೆ? 'ಕುರುಹು' ಅನ್ನಿ, ಅಚ್ಚಗನ್ನಡ. ನಡೆದವನು ಬಿಟ್ಟುಹೋದದ್ದು ಕುರುಹು, ಅದನ್ನ ಯಾರೋ ಹೆಕ್ಕಿದ್ರು, ಮಾರಿದ್ರು. ವಿಷಯ ಪೂರ್ತಿ ಬಂತು.

---

ಕುರುಹು ಚೆನ್ನಾಗಿದೆ ಸಾರ್, ಆದ್ರೆ ಹೆಸರು, ಹುಟ್ಟಿದ ತಾರೀಕು ನಾವೇ ಟೈಪ್ ಮಾಡಿ ಕೊಡ್ತೀವಲ್ಲ, ಅದು ಕುರುಹು ಹೇಗಾಗತ್ತೆ? ಸುಮ್ನೆ 'ಮಾಹಿತಿ' ಅಂದ್ರೆ ಎಲ್ರಿಗೂ ಗೊತ್ತಾಗತ್ತೆ.

---

'ಮಾಹಿತಿ' ಅರಬ್ಬಿ. ಮರಾಠಿ ಕಡೆಯಿಂದ ಬಂದದ್ದು. ಸಂಸ್ಕೃತ ತೆಗೆದು ಅರಬ್ಬಿ ತುಂಬೋದು ಪರಿಹಾರ ಅಲ್ಲ.

---

ಅರಬ್ಬಿ ಆದ್ರ ಏನಾತ್ರೀ? ಈ ಧಂದೆ ನಡಿಯೂದು ಹ್ಯಾಂಗ ಅಂತ ಒಮ್ಮೆ ನೋಡ್ರಿ. ಆ್ಯಪ್ ತೆರೆಯೂದರಾಗ, ಒಂದು ಸೆಕೆಂಡ್ ಸುದ್ದಾ ಆಗಿರೂದಿಲ್ಲ, ನಿಮಗ ತೋರಿಸೋ ಜಾಹೀರಾತಿನ ಜಾಗ ಹರಾಜಿಗೆ ಬಿದ್ದಿರ್ತದ, ನೀವು ಎಂಥಾವ್ರು, ಏನ್ ಕೊಳ್ಳಾವ್ರು ಅನ್ನೂದು ನೋಡಿ ಕಂಪನಿಗಳು ಬೆಲಿ ಕೂಗ್ತಾವ. ನಡುವ ಡೇಟಾ ದಲ್ಲಾಳಿ ಇರ್ತಾನ. ಎಪಿಎಂಸಿ ಕಂಡ ಯಾವ ರೈತನಿಗೂ ಇದನ್ನ ಬಿಡಿಸಿ ಹೇಳೂದು ಬೇಕಾಗಿಲ್ಲ, ಯಾಕಂದ್ರ ಹರಾಜು, ದಲ್ಲಾಳಿ ಎರಡೂ ಅವನ ಪದ. ಎರಡೂ ಅರಬ್ಬಿ. ನಮ್ ಕಡೆ ಲಿಲಾವು ಅಂತೀವಿ, ಅದು ಪೋರ್ಚುಗೀಸ್. 'ಖಾಸಗಿತನ' ತಗೋರಿ, ಅರಬ್ಬಿ 'ಖಾಸ್'ಗೆ ನಮ್ಮ 'ತನ' ಹಚ್ಚಿದ್ದು. 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ಪೀಠ ಅದು ಮೂಲಭೂತ ಹಕ್ಕು ಅಂದಾಗ ಕನ್ನಡ ಪೇಪರ್‌ನ್ಯಾಗೆಲ್ಲಾ ಬಂದದ್ದು ಅದೇ ಪದ, ಕೇಸ್ ಹಾಕಿದಾವ್ರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮೂಲ ಹುಡುಕಿ ಅದನ್ನೂ ತೆಗಿತೀರೇನ್ರೀ?

---

ಬಳಕೆಯಲ್ಲಿರೋದನ್ನ ತೆಗೀರಿ ಅಂತ ನಾನು ಅಂದೇ ಇಲ್ಲ. ಹೊಸದಾಗಿ ಕಟ್ಟುವಾಗ ನಮ್ಮದರಿಂದ ಕಟ್ಟಿ ಅಂದೆ. ಓದಿ ಉತ್ತರಿಸಿ.

---

ಎಲ್ಲರಿಗೂ ಥ್ಯಾಂಕ್ಸ್. ಕಾಯ್ದೆ ಹೆಸರಲ್ಲೇ 'ದತ್ತಾಂಶ' ರೂಢಿಯಾಗಿರೋದ್ರಿಂದ ಆ ಹೆಸರು ಬರೋ ಕಡೆ ಅದನ್ನೇ ಉಳಿಸ್ತೀನಿ, ಬೇರೆ ಕಡೆ 'ಮಾಹಿತಿ'. ಮುಖ್ಯವಾದ ವಾಕ್ಯ ಹೀಗೆ ಬರೆದಿದೀನಿ: "ಬೇರೆ ಆ್ಯಪ್ ಮತ್ತು ವೆಬ್‌ಸೈಟ್‌ಗಳಲ್ಲಿ ನೀವು ಮಾಡುವುದರ ಜಾಡು ಹಿಡಿಯಲು ಒಪ್ಪಿಗೆ ಕೊಡುತ್ತೀರಾ?"

ಇದು ಒರಟಾಯ್ತು, 'ನಿಮ್ಮ ಅನುಭವ ಉತ್ತಮಪಡಿಸಲು' ಅಂತ ಹಾಕಿ ಅಂತ ಕೆಲಸ ಕೊಟ್ಟವರು ಆಗ್ಲೇ ಹೇಳಿದಾರೆ. ನಾನು ಒಪ್ಪಲ್ಲ. 2021ರ ಏಪ್ರಿಲಲ್ಲಿ ಆ್ಯಪಲ್ ಐಫೋನಿನ ಐಓಎಸ್ 14.5ರಲ್ಲಿ ಈ ಪ್ರಶ್ನೆಯನ್ನ ನೇರವಾಗಿ ಕೇಳೋದು ಕಡ್ಡಾಯ ಮಾಡ್ತು, ಮುಂದಿನ ಫೆಬ್ರವರೀಲಿ ಫೇಸ್‌ಬುಕ್ ನಡೆಸೋ ಮೆಟಾ ಇದರಿಂದ ಆ ವರ್ಷ ಸುಮಾರು 1000 ಕೋಟಿ ಡಾಲರ್ ಆದಾಯ ಖೋತಾ ಅಂತ ತಾನೇ ಹೇಳ್ತು. ಅರ್ಥವಾಗೋ ಹಾಗೆ ಕೇಳಿದ್ರೆ ಜನ ಬೇಡ ಅಂತಾರೆ, ನುಣ್ಣಗೆ ಬರೀರಿ ಅನ್ನೋದು ಅದಕ್ಕೇ. ಕಾಯ್ದೆನೂ ಸ್ಪಷ್ಟವಾದ ಸರಳ ಭಾಷೇಲಿ ಕೇಳಿ ಅಂತಲೇ ಹೇಳತ್ತೆ, ಅವರಿಗೆ ಅದನ್ನೇ ಬರೆದು ಕಳಿಸ್ತೀನಿ.

ಇನ್ನೊಂದು ಬಾಕಿ ಇದೆ. 'ಡೇಟಾ ಫಿಡ್ಯೂಷಿಯರಿ' ಅಂದ್ರೆ ಕಾಯ್ದೇಲಿ ಜನರ ಮಾಹಿತಿ ಯಾಕೆ, ಹೇಗೆ ಬಳಸ್ಬೇಕು ಅಂತ ತೀರ್ಮಾನಿಸೋ ಕಂಪನಿ. ಅದಕ್ಕೆ 'ವಿಶ್ವಸ್ತ' ಅಂತ ಹಾಕಿದ್ರೆ ಕಂಪನಿ ನಂಬಿಕಸ್ಥ ಅಂತ ನಾವೇ ಸರ್ಟಿಫಿಕೇಟ್ ಕೊಟ್ಟ ಹಾಗಾಗಲ್ವಾ? ರಾತ್ರಿ ಹನ್ನೊಂದರವರೆಗೂ ಮೇಲ್ ನೋಡ್ತಿರ್ತೀನಿ.